ಹೂಂ ಬಾರದ ಪದ್ಯ

ನಮ್ಮ ಕಾವ್ಯವಾಚನ ಮಂಡಳಿಯಲ್ಲಿ ನನ್ನ ಕೆಲಸ ಹೂಂ ಅನ್ನುವುದು. ಪ್ರಭಾ ಪದ್ಯ ಹಾಡುತ್ತಾರೆ. ಅವರ ಯಜಮಾನರು ಕೇಶವಮೂರ್ತಿಗಳು ಅದರ ಅರ್ಥ ಹೇಳುತ್ತಾರೆ. ಎದುರಿಗೆ ಕೂತ ನಾನು ಹೂಂ ಅನ್ನುತ್ತೇನೆ. ಆಮೇಲೆ ಮುಂದಿನ ಪದ್ಯ. ಇಪ್ಪತ್ತಾರು ವರ್ಷದಿಂದ ಪ್ರತಿ ಶನಿವಾರ ಇದೇ.

ಕೇಳಿದವರಿಗೆ ಇದೂ ಒಂದು ಕೆಲಸವೇ ಅನ್ನಿಸಬಹುದು. ಮೂರ್ತಿಗಳ ತಂದೆ ಮಂಡ್ಯದ ಕಡೆ ತಮ್ಮೂರಿನಲ್ಲಿ ವಾಚನ ನಡೆಸುತ್ತಿದ್ದಾಗ ಹಾಕಿಕೊಂಡಿದ್ದ ಕಟ್ಟಳೆ ಅದು. ಕೇಳುವವರಲ್ಲಿ ಒಬ್ಬರನ್ನು ಮುಂದೆ ಕೂರಿಸಬೇಕು. ಹೇಳಿದ ಅರ್ಥ ಮನಸ್ಸಿಗೆ ಒಪ್ಪಿದರೆ ಮಾತ್ರ ಅವರು ಹೂಂ ಅನ್ನಬೇಕು. ಹೂಂ ಬಾರದೆ ಪದ್ಯ ದಾಟುವಂತಿಲ್ಲ. ಹಾಡುವವರು ಮತ್ತೆ ಹಾಡಬೇಕು, ಹೇಳುವವರು ಬೇರೆ ದಾರಿಯಿಂದ ಹೇಳಿ ನೋಡಬೇಕು. ಮೂರು ಸಲವಾದರೂ ಹೂಂ ಬರಲಿಲ್ಲವೆಂದರೆ ಆ ಪದ್ಯದ ಮೇಲೊಂದು ತುಳಸೀದಳ ಇಟ್ಟು ಪುಸ್ತಕ ಮುಚ್ಚುವುದು. ಮುಂದಿನ ವಾರ ಅಲ್ಲಿಂದಲೇ ಶುರು.

ನನ್ನನ್ನು ಆ ಜಾಗದಲ್ಲಿ ಕೂರಿಸಿದವರು ಪ್ರಭಾ. “ಶೈಲಜಾಗೆ ಮಾತು ಕಮ್ಮಿ, ಕಿವಿ ಜಾಸ್ತಿ” ಅಂದಿದ್ದರು. ನಿಜವೇ. ನಮ್ಮಜ್ಜಿ ಅಕ್ಕಿ ಆರಿಸುತ್ತಾ, ನಮ್ಮಪ್ಪ ಸ್ನಾನಕ್ಕೆ ನೀರು ಕಾಯಿಸುತ್ತಾ ಪದ್ಯ ಹೇಳಿಕೊಳ್ಳುವುದನ್ನು ಕೇಳಿಯೇ ನಾನು ಬೆಳೆದದ್ದು. ಅಕ್ಷರ ಆಮೇಲೆ ಬಂತು. ಇವತ್ತಿಗೂ ದೇವರ ಮುಂದೆ ಕಣ್ಣು ಮುಚ್ಚಿದರೆ ನನಗೆ ರೂಪ ಕಾಣುವುದಿಲ್ಲ, ಯಾವುದೋ ಷಟ್ಪದಿಯ ನಡೆ ಕೇಳಿಸುತ್ತದೆ.

ಮೊದಲು ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಮೂರ್ತಿಗಳ ಅಪಾರ್ಟ್‌ಮೆಂಟಿನಲ್ಲೇ ಸೇರುತ್ತಿದ್ದೆವು. ಹತ್ತು ಹನ್ನೆರಡು ಜನ, ಜಮಖಾನ, ಉಸಲಿ. ಆಗ ಎರಡು ಸಲ ತುಳಸೀದಳ ಬಿದ್ದದ್ದೂ ಉಂಟು. ಮೂರು ವರ್ಷದ ಹಿಂದೆ ಹತ್ತಿರದ ಮನ್ರೋದಲ್ಲಿ ಮುಚ್ಚಿಹೋಗಿದ್ದ ಬ್ಯಾಂಕೊಂದರ ಕಟ್ಟಡ ಮಂಡಳಿಗೆ ಸಿಕ್ಕಿತು. ಕ್ಯಾಷಿಯರು ಕೂರುತ್ತಿದ್ದ ಕಡೆ ಈಗ ದೇವರು. ಕಾರಿನಲ್ಲೇ ಬಂದು ಚೆಕ್ಕು ಕೊಡುತ್ತಿದ್ದ ಡ್ರೈವ್-ಥ್ರೂ ಕಿಟಕಿಯಲ್ಲಿ, ಹಿಮ ಬಿದ್ದ ದಿನ ವಯಸ್ಸಾದವರಿಗೆ ಪ್ರಸಾದ. ಇನ್ನೂರು ಕುರ್ಚಿ, ಮೈಕು, ರೆಕಾರ್ಡಿಂಗು, ಭಾನುವಾರ ಮಕ್ಕಳಿಗೆ ಕ್ಲಾಸು. ದೊಡ್ಡ ಹಾಲಿಗೆ ಬಂದಮೇಲೆ ತುಳಸೀದಳ ಒಮ್ಮೆಯೂ ಬಿದ್ದಿಲ್ಲ. ಇನ್ನೂರು ಜನ ಗಡಿಯಾರ ನೋಡುತ್ತಿರುವಾಗ ಸುಮ್ಮನೆ ಕೂರುವುದಕ್ಕೆ ಬೇರೆಯೇ ಧೈರ್ಯ ಬೇಕು. ನನ್ನ ಹೂಂ ತಾನಾಗಿ ಬರುವುದನ್ನು ಕಲಿತುಬಿಟ್ಟಿತ್ತು.

ಈ ಯುಗಾದಿಗೆ ಮಂಡಳಿಯ ಪುಸ್ತಕ ಬರಬೇಕೆಂದು ಗೊತ್ತಾಯಿತು. ಮೂರ್ತಿಗಳ ತಂದೆ ಕೈಬರಹದಲ್ಲಿ ಉಳಿಸಿದ್ದ ಕಾವ್ಯ, ಪ್ರತಿ ಪದ್ಯಕ್ಕೂ ಅರ್ಥ, ಫೋನು ಹಿಡಿದರೆ ವಾಚನ ಕೇಳಿಸುವ ಹಾಗೆ ಪಕ್ಕದಲ್ಲೊಂದು ಕ್ಯೂಆರ್ ಕೋಡು. ಓಡಾಡಿದ್ದೆಲ್ಲ ಕಾರ್ಯದರ್ಶಿ ಮಂಜೇಶ್. ಮೂರ್ತಿಗಳಿಗೆ ಎಪ್ಪತ್ತೆಂಟು. ಕಣ್ಣಿರುವಾಗಲೇ ಪುಸ್ತಕ ನೋಡಬೇಕೆಂಬುದೊಂದೇ ಅವರ ಆಸೆ.

ಕೊನೆಯ ಸಂಧಿಯ ರೆಕಾರ್ಡಿಂಗಿಗೆ ಒಂದು ವಾರ ಮೊದಲು ಭಾನುವಾರದ ಮಕ್ಕಳಿಗೆ ಪರೀಕ್ಷೆ ಇಟ್ಟರು. ಉತ್ತರಪತ್ರಿಕೆ ತಿದ್ದಲು ನನಗೂ ಒಂದು ಕಟ್ಟು ಕೊಟ್ಟರು. ಹದಿನೇಳನೆಯ ಪ್ರಶ್ನೆ: ಅಜ್ಜಿ ಕೊಡವನ್ನು ಏಕೆ ಬಿಟ್ಟುಹೋದಳು? ಅ, ದಣಿವಾಗಿತ್ತು. ಆ, ಕೊಡ ಒಡೆದಿತ್ತು. ಇ, ಸತ್ಯ ದೊರಕಿತ್ತು. ಸರಿಯುತ್ತರ ಇ.

ಕೊನೆಯ ಸಂಧಿಯ ಆ ಕಥೆ ಚಿಕ್ಕದು. ಒಬ್ಬ ಮುದುಕಿ ಬೆಟ್ಟದ ಮೇಲಿನ ದೇವರಿಗೆ ದಿನಾ ಒಂದು ಕೊಡ ನೀರು ಹೊರುತ್ತಾಳೆ. ವರ್ಷಗಟ್ಟಲೆ ಹೊತ್ತಮೇಲೆ ಒಂದು ದಿನ ಪೂಜಾರಿಗಳು ಬಾಗಿಲಲ್ಲಿ ನಿಲ್ಲಿಸಿ, “ಇಷ್ಟು ದಿನ ಬಂದೆಯಲ್ಲ, ದೇವರನ್ನು ಏನು ಕಂಡೆ, ಹೇಳು” ಎನ್ನುತ್ತಾರೆ. ಆಗ:

ಕೊಡವ ಹೊಸ್ತಿಲ ಬಳಿಯೊಳಿಳುಹುತ
ನುಡಿಯದೊಂದನು ಮರಳಿ ಮೆಲ್ಲನೆ
ನಡೆದಳಿಳಿಯುತ ಬೆಟ್ಟವನು ಬರಿಗೈಯಲಾ ಮುದುಕಿ

ಅಲ್ಲಿಗೆ ಕಾವ್ಯ ಮುಗಿಯುತ್ತದೆ.

ಮಂಜೇಶನ ಮಗಳು ಹಂಸಿನಿ ಮೂರರಲ್ಲಿ ಯಾವ ಉತ್ತರಕ್ಕೂ ಗುರುತು ಹಾಕಿರಲಿಲ್ಲ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ‘ಐ ಡೋಂಟ್ ನೋ’ ಎಂದು ಬರೆದಿದ್ದಳು. ನಾನು ಕೆಂಪು ಪೆನ್ನಿನಲ್ಲಿ ಅದಕ್ಕೆ ತಪ್ಪು ಹಾಕಿದೆ. ಹಾಕಿ ಮುಂದಿನ ಹಾಳೆ ತಿರುವಿದವಳು ಮತ್ತೆ ಹಿಂದಕ್ಕೆ ಬಂದೆ. ಏಕೆಂದರೆ ನನಗೂ ಗೊತ್ತಿರಲಿಲ್ಲ. ಪ್ರಿನ್ಸ್‌ಟನ್ ಹತ್ತಿರದ ಔಷಧಿ ಕಂಪನಿಯ ಲ್ಯಾಬಿನಲ್ಲಿ ಇಪ್ಪತ್ತು ವರ್ಷ ದುಡಿದವಳು ನಾನು. ಅಲ್ಲಿ ಕಣ್ಣಾರೆ ನೋಡದ ಒಂದು ಅಂಕಿಗೂ ಸಹಿ ಹಾಕಿದವಳಲ್ಲ. ಇಲ್ಲಿ ಒಂಬತ್ತು ವರ್ಷದ ಹಿಂದೆ ಇದೇ ಪದ್ಯಕ್ಕೆ ಹೂಂ ಅಂದಿದ್ದೆ. ಅವತ್ತು ಬಿಸಿಬೇಳೆಬಾತು ಆರುತ್ತಿತ್ತು, ಅಷ್ಟೆ ಕಾರಣ.

ಆ ವಾರವೆಲ್ಲ ಒಂದೇ ಯೋಚನೆ. ಹೂಂ ಅಂದರೆ ನಾನು ನಂಬದ ಅರ್ಥ ಅಚ್ಚಾಗಿ, ಅದಕ್ಕೆ ಒಪ್ಪದ ಮಕ್ಕಳಿಗೆಲ್ಲ ಕೆಂಪು ಗೀಟು ಬೀಳುತ್ತದೆ. ಅನ್ನದಿದ್ದರೆ ಮೂರ್ತಿಗಳ ಪುಸ್ತಕ ನಿಲ್ಲುತ್ತದೆ. ಇಪ್ಪತ್ತಾರು ವರ್ಷ ಅಣ್ಣನ ಹಾಗೆ ನೋಡಿಕೊಂಡವರ ಪುಸ್ತಕ.

ಶನಿವಾರ ಬೆಳಿಗ್ಗೆ ಬಿಸಿಲಿತ್ತು. ಪಾರ್ಕಿಂಗಿನ ಮೂಲೆಯಲ್ಲಿ ಗುಡ್ಡೆ ಹಾಕಿದ್ದ ಹಿಮ ಕರಗಿ ಕಾಲುವೆಯಾಗಿ ಹರಿಯುತ್ತಿತ್ತು. ಹಾಲು ತುಂಬಿತ್ತು. ಪ್ರಭಾ ಕೊನೆಯ ಪದ್ಯ ಹಾಡಿದರು. ಎಪ್ಪತ್ತು ದಾಟಿದ ಗಂಟಲು ಈಚೆಗೆ ಮೇಲಿನ ಸ್ವರದಲ್ಲಿ ಒಂದಿಷ್ಟು ನಡುಗುತ್ತದೆ. ಮುದುಕಿ ಬೆಟ್ಟ ಇಳಿಯುವುದಕ್ಕೆ ಆ ನಡುಕವೇ ಚೆನ್ನ.

ಮೂರ್ತಿಗಳು ಕನ್ನಡಕ ಸರಿಮಾಡಿಕೊಂಡು ಹೇಳಿದರು: “ಅಜ್ಜಿಗೆ ಸತ್ಯ ಸಿಕ್ಕಿಬಿಡ್ತು. ಸಿಕ್ಕಿದವರಿಗೆ ಸಾಧನ ಯಾಕೆ ಬೇಕು? ಹೊಳೆ ದಾಟಿದವನು ದೋಣೀನ ತಲೆ ಮೇಲೆ ಹೊತ್ಕೊಂಡು ಹೋಗ್ತಾನಾ? ಅದಕ್ಕೇ ಕೊಡ ಬಿಟ್ಟಳು.” ಹೇಳಿ ನನ್ನ ಕಡೆ ನೋಡಿದರು.

ನಾನು ಸುಮ್ಮನಿದ್ದೆ.

“ಶೈಲಾ, ನಿದ್ದೆ ಬಂತೇನೇ?” ಎಂದರು ಪ್ರಭಾ, ಮೈಕಿಗೆ ಕೈ ಅಡ್ಡ ಹಿಡಿದು.

ಇಲ್ಲವೆಂದು ತಲೆಯಾಡಿಸಿದೆ. ಅವರು ಒಂದು ಗಳಿಗೆ ನನ್ನನ್ನೇ ನೋಡಿ, ಮತ್ತೆ ಶ್ರುತಿಪೆಟ್ಟಿಗೆ ಒತ್ತಿ ಮೊದಲಿಂದ ಹಾಡಿದರು. ಮೂರ್ತಿಗಳು ಅದೇ ಹೊಳೆ, ಅದೇ ದೋಣಿಯನ್ನು ಇನ್ನೂ ಎತ್ತರದ ದನಿಯಲ್ಲಿ ದಾಟಿಸಿದರು.

“ರೀ, ಜೋರಾಗಿ ಹೇಳಿದ ತಕ್ಷಣ ಅದು ಬೇರೆ ಅರ್ಥ ಆಗಲ್ಲ” ಎಂದರು ಪ್ರಭಾ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ನನಗೆ ನಗು ಬರಲಿಲ್ಲ. ಮೂರನೆಯ ಸಲ ಮೂರ್ತಿಗಳು ನಿಧಾನವಾಗಿ ಹೇಳಿದರು: ಕೊಡ ಅಂದರೆ ಅಹಂಕಾರ, ಅದನ್ನು ಹೊಸ್ತಿಲಲ್ಲಿ ಇಳಿಸಿದಳು ಅನ್ನಬಹುದೇನೋ. ಹೇಳುತ್ತಾ ಹೇಳುತ್ತಾ ಅವರ ದನಿ ತಗ್ಗಿತು. ದಿನಾ ನೀರು ಹೊತ್ತ ಬಡಮುದುಕಿಗೆ ಎಂಥ ಅಹಂಕಾರ ಎಂದು ಅವರಿಗೇ ಅನ್ನಿಸಿರಬೇಕು. ನನ್ನ ತುಟಿ ಬಿಗಿದೇ ಇತ್ತು.

ಮಂಜೇಶ್ ರೆಕಾರ್ಡಿಂಗ್ ಮೇಜಿನಿಂದ ಎದ್ದು ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ. “ಆಂಟಿ, ಗಂಟಲು ಕಟ್ಟಿದ್ರೆ ಟೆನ್ಷನ್ ಮಾಡ್ಕೋಬೇಡಿ. ಹೋದ ತಿಂಗಳದ್ದು ನಿಮ್ಮ ಒಂದು ಒಳ್ಳೆ ಹೂಂ ಇದೆ. ಹಿಂದೆ ಕೆಮ್ಮಿಲ್ಲ ಏನಿಲ್ಲ, ಫುಲ್ ಕ್ಲೀನ್. ಕಟ್ ಮಾಡಿ ಇಲ್ಲಿಗೆ ಹಾಕ್ತೀನಿ.”

“ಬೇಡಪ್ಪ.”

“ಯಾರಿಗೂ ಗೊತ್ತಾಗಲ್ಲ ಆಂಟಿ.”

“ನಂಗೆ ಗೊತ್ತಾಗುತ್ತಲ್ಲ.” ನನ್ನ ದನಿ ಮೈಕಿಗೆ ತಾಗಿ ಹಾಲಿಗೆಲ್ಲ ಕೇಳಿಸಿತು. ಇಪ್ಪತ್ತಾರು ವರ್ಷದಲ್ಲಿ ಆ ಜಾಗದಿಂದ ನಾನು ಒಂದು ವಾಕ್ಯ ಆಡಿದ್ದು ಅದೇ ಮೊದಲು. ಆಡಿದ ಮೇಲೆ ನಿಲ್ಲಿಸಲು ಆಗಲಿಲ್ಲ. “ಮೂರ್ತಿಗಳೇ, ಕ್ಷಮಿಸಬೇಕು. ಹೋದ ಸಲಾನೂ ನಂಗೆ ಒಪ್ಪಿಗೆ ಆಗಿರಲಿಲ್ಲ. ಸುಮ್ನೆ ಅಂದುಬಿಟ್ಟೆ. ಕೊಡ ಬಿಟ್ಟಿದ್ದು ಯಾಕೆ ಅಂತ ನಂಗೆ ಗೊತ್ತಿಲ್ಲ. ಪದ್ಯಾನೂ ಹೇಳಲ್ಲ. ನಾವು ಮಾತ್ರ ಮಕ್ಕಳಿಗೆ ತಪ್ಪು ಹಾಕ್ತಿದೀವಿ.”

ಮಂಜೇಶನ ಮುಖ ಕೆಂಪಾಯಿತು. ಕೋಪಕ್ಕಿಂತ ಸಂಕಟ. “ಆಂಟಿ, ನಂಗೆ ಚಿಕ್ಕೋನಿದ್ದಾಗ ಯಾರೂ ಏನೂ ಹೇಳಿಕೊಡಲಿಲ್ಲ. ಕೇಳಿದ್ರೆ ಸುಮ್ನಿರು ಅನ್ನೋರು. ನನ್ನ ಮಗಳಿಗೆ ಹಾಗಾಗಬಾರದು ಅಂತ ಇಷ್ಟೆಲ್ಲ ಮಾಡ್ತಿರೋದು. ಒಂದು ದೇವಸ್ಥಾನ ಅಂದಮೇಲೆ ಉತ್ತರ ಇರಬೇಕಲ್ವಾ? ಗೊತ್ತಿಲ್ಲ ಅಂತ ಬೋರ್ಡ್ ಹಾಕೋಕಾಗತ್ತಾ?”

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಎಲ್ಲರೂ ಮೂರ್ತಿಗಳನ್ನು ನೋಡಿದರು.

ಅವರು ವ್ಯಾಸಪೀಠದ ಮೇಲಿದ್ದ ತಂದೆಯ ಹಳೆಯ ನೋಟುಪುಸ್ತಕವನ್ನು ಎರಡು ಕೈಯಲ್ಲೂ ಎತ್ತಿ ಕಣ್ಣಿನ ಹತ್ತಿರ ಹಿಡಿದುಕೊಂಡರು. ಪುಸ್ತಕ ಕೆಳಗಿಟ್ಟಾಗ ಅವರ ಮುಖದಲ್ಲಿ, ನಾನು ಹೆದರಿದ್ದ ಬೇಸರವಿರಲಿಲ್ಲ. ಕಳ್ಳತನದಲ್ಲಿ ಸಿಕ್ಕಿಬಿದ್ದ ಹುಡುಗನ ನಾಚಿಕೆಯಿತ್ತು.

“ಮಂಜೇಶ, ಇಲ್ಲಿ ಬಾ. ಇದನ್ನ ನೋಡು. ಅಪ್ಪ ಪ್ರತಿ ಪದ್ಯದ ಪಕ್ಕ ಕಪ್ಪು ಶಾಯೀಲಿ ಅರ್ಥ ಬರೆದಿದ್ದಾರೆ. ಈ ಕೊನೇದಕ್ಕೆ ಬರೆದಿರೋದು ಯಾವ ಶಾಯಿ?”

“ನೀಲಿ, ಅಂಕಲ್.”

“ಅದು ನಂದು. ಅಪ್ಪ ಜಾಗ ಖಾಲಿ ಬಿಟ್ಟಿದ್ರು. ಎಡಿಸನ್ನಿನಲ್ಲಿ ಮೊದಲನೇ ಸಲ ಇದನ್ನ ಓದೋ ಹಿಂದಿನ ದಿನ, ಜನ ಕೇಳಿದ್ರೆ ಏನು ಹೇಳೋದು ಅಂತ ಭಯ ಆಗಿ ನಾನೇ ತುಂಬಿಸಿದೆ. ದೋಣಿ, ಹೊಳೆ, ಎಲ್ಲ ನಂದೇ. ಹೇಳ್ತಾ ಹೇಳ್ತಾ ನಂಗೇ ಮರೆತುಹೋಗಿತ್ತು.” ಅವರು ನನ್ನ ಕಡೆ ತಿರುಗಿದರು. “ಶೈಲಜಮ್ಮ, ಅಪ್ಪ ಇದ್ದಿದ್ರೆ ಇವತ್ತು ನಿಮಗೆ ನಮಸ್ಕಾರ ಮಾಡ್ತಿದ್ರು. ಕಟ್ಟಳೆ ಪ್ರಕಾರ ಮೂರು ಸಲ ಆಯ್ತು. ತುಳಸಿ ತನ್ರಮ್ಮ ಯಾರಾದ್ರೂ.”

“ಇಷ್ಟು ವರ್ಷ ದೋಣಿ ಹುಟ್ಟು ಹಾಕಿಸಿಬಿಟ್ಟಿರಲ್ರೀ ನಮ್ಮ ಕೈಲಿ!” ಎಂದರು ಪ್ರಭಾ. ಈ ಸಲ ಇಡೀ ಹಾಲು ನಕ್ಕಿತು. ಮೂರ್ತಿಗಳೂ ನಕ್ಕರು.

ನ್ಯೂಜೆರ್ಸಿಯ ಚಳಿಗಾಲ ಕಳೆದ ತುಳಸಿ ಹೇಗಿರುತ್ತದೆಂದು ಇಲ್ಲಿಯವರಿಗೆ ಗೊತ್ತು. ಡ್ರೈವ್-ಥ್ರೂ ಕಿಟಕಿಯ ಒಳಗೆ, ದೀಪದ ಶಾಖದಲ್ಲಿ ಬದುಕಿಸಿಕೊಂಡಿದ್ದ ಕುಂಡದಲ್ಲಿ ಐದೇ ಎಲೆ ಉಳಿದಿದ್ದವು. ಹಂಸಿನಿ ಹೋಗಿ, ಅದರಲ್ಲೂ ಚಿಕ್ಕದನ್ನು ಹುಡುಕಿ ಕಿತ್ತು ತಂದಳು. ಮೂರ್ತಿಗಳು ಅದನ್ನು ಕಣ್ಣಿಗೊತ್ತಿಕೊಂಡು ನೀಲಿ ಅಕ್ಷರಗಳ ಮೇಲಿಟ್ಟು ಪುಸ್ತಕ ಮುಚ್ಚಿದರು.

ಊಟದ ಸಾಲಿನಲ್ಲಿ ಮಂಜೇಶ್ ನನ್ನ ಹಿಂದೆ ನಿಂತಿದ್ದ. “ಪ್ರೆಸ್ಸಿನವರಿಗೆ ಏನು ಹೇಳ್ಲಿ ಆಂಟಿ?”

“ಕೊನೇ ಪದ್ಯದ ಕೆಳಗೆ ಜಾಗ ಬಿಡೋಕೆ ಹೇಳು. ಓದಿದೋರು ಬರ್ಕೊಳ್ಳಲಿ.”

“ಪ್ರಿಂಟಿಂಗ್ ಮಿಸ್ಟೇಕ್ ಅನ್ಕೋತಾರೆ.”

“ಅನ್ಕೊಂಡೋರು ಫೋನ್ ಮಾಡ್ತಾರೆ. ಶನಿವಾರ ಬನ್ನಿ ಅನ್ನು.”

ಅವನು ಉಪ್ಪಿನಕಾಯಿ ಬಡಿಸಿಕೊಂಡ. “ಐಡಿಯಾ ಕೆಟ್ಟದಾಗಿಲ್ಲ” ಎಂದ ಕೊನೆಗೆ. ಮನೆಗೆ ಹೋದವಳೇ ನಾನು ಹಂಸಿನಿಯ ಪತ್ರಿಕೆ ತೆಗೆದು ಕೆಂಪು ಗೀಟನ್ನು ಹೊಡೆದುಹಾಕಿ ಪೂರ್ತಿ ಅಂಕ ಕೊಟ್ಟೆ. ಉಳಿದ ಮಕ್ಕಳಿಗೂ ಕೊಟ್ಟೆ. ದಣಿವಾಗಿತ್ತು ಎಂದವರಿಗೆ ಕೂಡ. ಬೆಟ್ಟ ಹತ್ತಿದವಳಿಗೆ ದಣಿವಾಗಿದ್ದರೂ ಆಗಿದ್ದೀತು.

ಮುಂದಿನ ಶನಿವಾರ ಹೋದರೆ ನನ್ನ ಜಾಗದಲ್ಲಿ ಮೂರ್ತಿಗಳು ಕೂತಿದ್ದರು.

“ಈ ಪದ್ಯಕ್ಕೆ ನಾನು ಕೇಳೋನು. ಹೇಳೋರು ಯಾರಾದ್ರೂ ಆಗ್ಲಿ” ಎಂದರು. ತಿರುವಿದ ಹಾಳೆಯಲ್ಲಿ ದಳ ಒಣಗಿ ಕಪ್ಪಗಾಗಿತ್ತು. ಪರಿಮಳ ಇನ್ನೂ ಇತ್ತು. ಪ್ರಭಾ ಹಾಡಿದರು. ಯಾರೂ ಮುಂದೆ ಬರಲಿಲ್ಲ. ಕೊನೆಗೆ ಎದ್ದವನು ಮಂಜೇಶ್.

“ಅಂಕಲ್, ನಂಗೆ ಷಟ್ಪದಿ ಗಿಟ್ಪದಿ ಗೊತ್ತಿಲ್ಲ. ಪ್ರತಿ ಸಲ ಇಂಡಿಯಾಗೆ ಹೋದಾಗ ಅಮ್ಮನ ಮನೇಲಿ ಒಂದು ಜೊತೆ ಬಟ್ಟೆ, ಚಪ್ಪಲಿ ಬಿಟ್ಟು ಬರ್ತೀನಿ. ಅಲ್ಲಿಗೆ ಮತ್ತೆ ಹೋಗ್ತೀನಿ ಅಂತ ಒಂದು ಧೈರ್ಯ. ಅಜ್ಜೀನೂ ಹಾಗೇ ಕೊಡ ಬಿಟ್ಟಳೇನೋ. ನಾಳೆ ಬರಬೇಕಲ್ಲ.”

ಹಂಸಿನಿ ಅಪ್ಪನನ್ನು ಹೊಸದಾಗಿ ನೋಡುವವಳಂತೆ ನೋಡಿದಳು. ಪ್ರಭಾ ಕಣ್ಣೊರೆಸಿಕೊಂಡರು. ಮೂರ್ತಿಗಳ ತುಟಿ ಬಿರಿಯಿತು. ಹೂಂ ಇನ್ನೇನು ಬಂತು ಅನ್ನುವಷ್ಟು ಹತ್ತಿರ ಬಂತು. ನಾನು ಹಿಂದಿನ ಸಾಲಿನಲ್ಲಿ ಉಸಿರು ಹಿಡಿದು ಕೂತಿದ್ದೆ.

ಅವರು ಬಾಯಿ ಮುಚ್ಚಿದರು. ಮುಖದ ತುಂಬ ನಗು.

“ಚೆನ್ನಾಗಿದೆಯೋ. ಬಹಳ ಚೆನ್ನಾಗಿದೆ. ಆದರೆ ಮತ್ತೆ ಬರೋಳು ನೀರು ತರೋದು ಯಾವುದರಲ್ಲಿ?” ಅಂದವರೇ ಹೆಂಡತಿಯ ಕಡೆ ತಿರುಗಿದರು. “ಪ್ರಭಾ, ಇನ್ನೊಂದು ಸಲ ಹಾಡು.”

ಪ್ರಭಾ ಶ್ರುತಿಪೆಟ್ಟಿಗೆ ಒತ್ತಿದರು.