ಅಳಿಯನ ತಪ್ಪಿಗೆ ಮಾವನ ಹೆಸರು

ಸುಕನ್ಯಾಗೆ ಬೆಳಿಗ್ಗೆಯಿಂದ ತಲೆ ಕೆಟ್ಟು ಹೋಗಿತ್ತು. ಗಂಡ ಹನುಮೇಶ ಯಶವಂತನಗರದ ಗಣಿ ಕಂಪನಿಯಲ್ಲಿ ಬಸ್ ಡ್ರೈವರ್. ದನ ಅಡ್ಡ ಬಂದರೆ ಹಾರ್ನ್ ಕೂಡ ಹೊಡೆಯದೆ ಬಸ್ ನಿಲ್ಲಿಸಿ ಕಾಯುವಂಥ ಮನುಷ್ಯ. ಅಂಥವನು ಇವತ್ತು, ತಾನು ಮುಟ್ಟಿಯೂ ನೋಡದ ಬೈಕನ್ನು ತಾನೇ ಓಡಿಸಿದ್ದು ಅಂತ ಪೊಲೀಸರಿಗೆ ಹೇಳಲು ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿದ್ದ!

ಆದದ್ದು ಇಷ್ಟು. ಹನುಮೇಶನ ಅಕ್ಕ ವಿರುಪಮ್ಮ ಕಂಪ್ಲಿಯವಳು. ಆಕೆಯ ಮಗ ತಿಪ್ಪೇಶನಿಗೆ ಇನ್ನೂ ಹದಿನೇಳು, ಲೈಸೆನ್ಸ್ ಇಲ್ಲ. ಆದರೂ ಮನೆಯ ಬೈಕ್ ತಗೊಂಡು ಹೋಗಿ, ಹಿಂದಿನ ದಿನ ಅದೇ ಊರಲ್ಲಿ ಹೂ ಮಾರುವ ಕೃಷ್ಣಾಬಾಯಿಗೆ ಗುದ್ದಿದ್ದ. ಕಾಲು ಮುರಿದು ಆ ಮುದುಕಿ ಆಸ್ಪತ್ರೆ ಸೇರಿದ್ದಳು. ಬೈಕ್ ನಂಬರ್ ಹಿಡಿದು, ಹೇಳಿಕೆ ಕೊಡಲು ಬರಬೇಕು ಅಂತ ಸ್ಟೇಷನ್‌ನಿಂದ ಫೋನ್ ಬಂದದ್ದೇ ತಡ, ವಿರುಪಮ್ಮ ಮಗನನ್ನು ಎಳಕೊಂಡು ಸಂಡೂರಿಗೆ, ತಮ್ಮನ ಮನೆಗೆ ಬಂದಿಳಿದಳು. ಲೈಸೆನ್ಸ್ ಇದ್ದವರ ಹೆಸರು ಕೊಟ್ಟರೆ ಇನ್ಶೂರೆನ್ಸ್ ಬರುತ್ತದಂತೆ, ಹುಡುಗನೂ ಬಚಾವಂತೆ, ಎಲ್ಲರೂ ಹಿಂಗೇ ಮಾಡುತ್ತಾರಂತೆ. ಇಷ್ಟು ಹೇಳಿ ತಮ್ಮನ ಮುಂದೆ ಸೆರಗೊಡ್ಡಿ ನಿಂತಳು. ಒಡಹುಟ್ಟಿದವಳು ಸೆರಗೊಡ್ಡಿದ ಮೇಲೆ ಇಲ್ಲ ಅನ್ನಲು ಯಾವ ತಮ್ಮನಿಗೆ ಬಾಯಿ ಬರುತ್ತದೆ? ಹ್ಞೂಂ ಅಂದುಬಿಟ್ಟ.

"ಬೈಕ್ ಗುದ್ದಿದ ಹೊತ್ತಿನಾಗ ನೀವು ಕಂಪನಿ ಬಸ್ಸಿನಾಗ ಇದ್ರಿ. ಬಸ್ ತುಂಬ ಮಂದಿ ನೋಡ್ಯಾರ," ಅಂದಳು ಸುಕನ್ಯಾ.

"ನಾ ಏನು ಕಳ್ಳತನ ಮಾಡೀನೇನು? ಯಾರ ಹುಲ್ಲುಕಡ್ಡಿನೂ ಮುಟ್ಟಿದವ ಅಲ್ಲ. ಅಕ್ಕನ ಮಗನ್ನ ಉಳಿಸೋದು ಅಪರಾಧ ಹೆಂಗ ಆಗ್ತೈತಿ?"

ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು ಅವಳಿಗೆ. ಇವನ ಲೈಸೆನ್ಸ್ ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ಮನೆಯ ಒಲೆ ಹತ್ತುವುದು ಹೆಂಗೆ? ಸಿಟ್ಟಿನಲ್ಲೇ ಹೋಗಿ ಮಹಿಳಾ ಸಂಘದ ಗೆಳತಿ ವಂದನಾಳನ್ನು ಕರೆತಂದಳು. ವಂದನಾ ತಾಲ್ಲೂಕು ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿ.

ವಂದನಾ ಸಮಾಧಾನವಾಗಿ ಬಿಡಿಸಿ ಹೇಳಿದಳು. ಕಾನೂನು ಬೇಡ ಅಂದದ್ದನ್ನು ಪ್ರೀತಿಯಿಂದ ಮಾಡಿದರೂ ಅದು ಅಪರಾಧವೇ. ವಯಸ್ಸಾಗದ ಹುಡುಗನಿಗೆ ಗಾಡಿ ಕೊಟ್ಟರೆ ಕೊಟ್ಟವರ ಮೇಲೂ ಕೇಸು. ಬೇಕಂತಲೇ ಪೊಲೀಸರಿಗೆ ಸುಳ್ಳು ಹೇಳಿದರೆ ಅದು ಮತ್ತೊಂದು ಕೇಸು. ಹನುಮೇಶ ಕೇಳಿಯೂ ಕೇಳದ ಹಾಗೆ, ಬೇಕಾದರೆ ಜೈಲಿಗೂ ಹೋಗ್ತೀನಿ ಬಿಡ್ರಿ ಅಂದ. ದೊಡ್ಡ ಶೂರ, ಅಂತ ಸುಕನ್ಯಾ ಹಲ್ಲು ಕಡಿದಳು.

"ಹನುಮೇಶಣ್ಣ, ಗುದ್ದಿದವನ ಮುಖಾನ ಕೃಷ್ಣಾಬಾಯಿ ನೋಡೇ ಇರ್ತಾಳ," ಅಂದಳು ವಂದನಾ. "ನಾಳೆ ಕೋರ್ಟಿನಾಗ ನಿಮ್ಮನ್ನ ತೋರ್ಸಿ ಕೇಳ್ತಾರ. ಇವ ಅಲ್ಲ ಅಂತಾಳ ಆಕಿ. ಆಗ ನೀವು ಏನಂತೀರಿ? ಮುದುಕಿ ಸುಳ್ಳು ಹೇಳ್ತಾಳ ಅಂತೀರೇನು?"

ಕಾಲು ಮುರಿದದ್ದು ಆಕೆಯದು, ಮೇಲೆ ಸುಳ್ಳುಗಾತಿ ಅನ್ನಿಸಿಕೊಳ್ಳಬೇಕಾದವಳೂ ಆಕೆಯೇ. ಅಪರಾಧ ಅಂದರೆ ಪೊಲೀಸು, ದಂಡ ಅಷ್ಟೇ ಅಂತ ತಿಳಿದಿದ್ದ ಹನುಮೇಶನಿಗೆ, ಅದರ ಆಚೆ ಕಡೆ ನೋವು ತಿಂದವರು ಒಬ್ಬರು ಇರುತ್ತಾರೆ ಅನ್ನುವುದು ಅಲ್ಲಿಯ ತನಕ ಹೊಳೆದೇ ಇರಲಿಲ್ಲ.

"ಅಕ್ಕಾ, ಸ್ಟೇಷನ್‌ಗೆ ನಿಮ್ಮ ಜೋಡಿ ನಾ ಬರ್ತೀನಿ," ಅಂದ. "ಓಡಿಸಿದವ ನಾನು ಅಂತ ಮಾತ್ರ ಹೇಳಂಗಿಲ್ಲ."

ನನ್ನ ಪಾಲಿಗೆ ತವರು ಸತ್ತಿತು ಅಂತ ವಿರುಪಮ್ಮ ಕೂಗಾಡಿದಳು, ಅತ್ತಳು. ಹದಿನೆಂಟು ತುಂಬದವರ ಕೇಸು ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ, ಅರ್ಜಿ ಹಾಕಿದರೆ ಉಚಿತ ವಕೀಲರೂ ಸಿಗುತ್ತಾರೆ ಅಂತ ವಂದನಾ ಧೈರ್ಯ ಹೇಳಿದಳು. ತಿಪ್ಪೇಶ ತಲೆ ಎತ್ತಲಿಲ್ಲ. ಅವನನ್ನೇ ನೋಡುತ್ತ ಕೂತಿದ್ದ ವಿರುಪಮ್ಮ ಕೊನೆಗೆ ಎದ್ದಳು.

"ಏಳಪ್ಪ. ಓಡಿಸಿದವ ನಾನು ಅಂತ ನೀ ಹೇಳು. ಕೀಲಿ ಕೊಟ್ಟಾಕಿ ನಾನು ಅಂತ ನಾ ಹೇಳ್ತೀನಿ."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಗೂ ನಾಳೆ ಯಾರಾದರೂ ಹಿಂಗೇ ಕೇಳಿಕೊಂಡು ಬಂದಾರು. ಮಕ್ಕಳ ಕೈಗೆ ಗಾಡಿ ಕೀಲಿ ಕೊಡಬೇಡಿ. ತಪ್ಪು ನಡೆದುಹೋದರೆ 15100ಕ್ಕೆ ಫೋನ್ ಮಾಡಿ, ಕಾನೂನು ಸೇವಾ ಸಮಿತಿಯವರ ಸಲಹೆ ಕೇಳಿ. ತಪ್ಪು ಮಾಡಿದ ನಿಮ್ಮವರ ಜೊತೆ ಧಾರಾಳವಾಗಿ ನಿಲ್ಲಿ, ಅವರ ಜಾಗದಲ್ಲಿ ಮಾತ್ರ ನಿಲ್ಲಬೇಡಿ.