ದಾಟಿ ಹೋದ ಮಾತು

ಪೀಣ್ಯದ ಒಂದು ಶೆಡ್ಡಿನಲ್ಲಿ ನನ್ನ ತಂತಿಗಳನ್ನು ಬೆಸೆದರು. ನಾನು ಒಂದು ಇಂಟರ್‌ಕಾಮ್. ಗುಂಡಿ ಒತ್ತಿದರೆ ಹೊರಗಿನ ಮಾತು ಒಳಗೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ.

ಮೊದಲು ಮೈಸೂರಿನ ಒಂದು ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿದ್ದೆ. “ಅಲ್ಲಾಡಬೇಡಿ... ಹಾಂ, ಆಯ್ತು” ಎಂಬುದನ್ನು ದಿನಕ್ಕೆ ನೂರು ಸಲ ಮುಟ್ಟಿಸುತ್ತಿದ್ದೆ. ಯಾರಾದರೂ ತಪ್ಪು ಕೇಳಿಸಿಕೊಂಡರೆ ಇನ್ನೊಂದು ಚಿತ್ರ ತೆಗೆದರೆ ಮುಗಿಯಿತು. ಆಮೇಲೆ ನನ್ನನ್ನು ಬಿಚ್ಚಿ ಮೇಲಿನ ಮಹಡಿಯ ಲ್ಯಾಬಿಗೆ ಹಾಕಿದರು.

ಅಲ್ಲಿ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ತಯಾರಿಸುವ ಕಣಗಳನ್ನು ಬೇರ್ಪಡಿಸುತ್ತಿದ್ದರು. ಗೋಡೆಯ ಆಚೆ ಟೆಕ್ನಿಷಿಯನ್ ನಾಗಭೂಷಣ ಗ್ರಂಥಿಯನ್ನು ಸ್ಟೀಲ್ ಪಾತ್ರೆಯಲ್ಲಿಟ್ಟು, ಮಾಂಸ ಸಡಿಲಿಸುವ ದ್ರವ ಹರಿಸಿ ಕುಲುಕುತ್ತಿದ್ದ. ಈಚೆ ಡಾಕ್ಟರ್ ವಾರಿಜಾ ಪರದೆಯಲ್ಲಿ ನೋಡುತ್ತಿದ್ದರು. ಕೆಂಪು ಬಣ್ಣ ಹಿಡಿದ ಕಣಗಳು ಮಾಂಸದಿಂದ ಬಿಡಿಸಿಕೊಂಡ ಕ್ಷಣ ನನ್ನ ಗುಂಡಿ ಒತ್ತಿ “ಸಾಕು” ಎನ್ನುತ್ತಿದ್ದರು. ಆತ ಕೂಡಲೇ ಆ ಸಡಿಲಿಕೆ ನಿಲ್ಲಿಸುವ ತಣ್ಣನೆಯ ದ್ರವ ಸುರಿಯುತ್ತಿದ್ದ. ಬೇಗ ಸುರಿದರೆ ಕಣಗಳು ಮಾಂಸದಲ್ಲೇ ಸಿಕ್ಕಿಕೊಳ್ಳುತ್ತವೆ. ತಡವಾದರೆ ಒಡೆಯುತ್ತವೆ. ಸುರಿದದ್ದನ್ನು ವಾಪಸ್ ತೆಗೆಯಲಾಗದು.

ಆ ಬೆಳಿಗ್ಗೆಯ ಗ್ರಂಥಿ ಮಂಗಳಗೌರಿಯದು. ನಂಜನಗೂಡಿನಲ್ಲಿ ಟೀಚರ್, ಇಪ್ಪತ್ತೇಳು ವರ್ಷ. ಕಲ್ಲು ಕಟ್ಟಿದ ಗ್ರಂಥಿಯ ನೋವು ತಾಳಲಾರದೆ ಅದನ್ನೇ ತೆಗೆಸಿಕೊಂಡಿದ್ದಳು. ಸಕ್ಕರೆ ಕಾಯಿಲೆ ಬರದಿರಲೆಂದು ಅವಳ ಕಣಗಳನ್ನು ಸಂಜೆಯೊಳಗೆ ಅವಳ ಲಿವರಿಗೇ ಸೇರಿಸಬೇಕಿತ್ತು. ಅವಳಿಗೆ ಇನ್ನೊಂದು ಗ್ರಂಥಿ ಇರಲಿಲ್ಲ.

ವಾರಿಜಾ ಗುಂಡಿ ಒತ್ತಿ, “ಭೂಷಣ, ಇನ್ನೊಂದು ಸ್ಯಾಂಪಲ್ ತೆಗಿ” ಎಂದರು. ಬೆರಳು ಗುಂಡಿಯ ಮೇಲೇ ಉಳಿದಿತ್ತು. ಪಕ್ಕದಲ್ಲಿ ಆಯಾ ಚೆನ್ನಾಜಮ್ಮ ಫ್ಲಾಸ್ಕಿನಿಂದ ಕಾಫಿ ಬಗ್ಗಿಸತೊಡಗಿದಳು.

“ಸಾಕು” ಎಂದು ವಾರಿಜಾ ಲೋಟಕ್ಕೆ ಕೈ ಅಡ್ಡ ಹಿಡಿದರು. ಬೆರಳು ಗುಂಡಿಯಿಂದ ಸರಿಯಿತು. “ಅರ್ಧ ಲೋಟ ಸಾಕು ಕಣಮ್ಮ, ನನಗೇನು ಸ್ನಾನ ಮಾಡಿಸ್ತೀಯಾ?” ಎಂಬುದು ಹೊರಗೇ ಉಳಿಯಿತು. ಮೊದಲ ಪದ ಒಳಗೆ ಹೋಗಿತ್ತು.

ನಾಗಭೂಷಣ ಸುರಿದ.

ಪರದೆಯಲ್ಲಿ ಕಂಡ ವಾರಿಜಾ ಬಾಗಿಲು ತಳ್ಳಿದರು. “ಯಾರು ಹೇಳಿದ್ರು ನಿಂಗೆ?”

“ನೀವೇ ಮೇಡಂ.”

“ನಾನೆಲ್ಲಿ ಹೇಳ್ದೆ?”

ಇಬ್ಬರೂ ಸುಳ್ಳಾಡುತ್ತಿರಲಿಲ್ಲ. ಚೆನ್ನಾಜಮ್ಮ ಮೆಲ್ಲಗೆ, “ಅವ್ವಾ, ಸಾಕು ಅಂದಿದ್ದು ನಂಗಲ್ವಾ?” ಎಂದಳು. ವಾರಿಜಾ ನನ್ನ ಗುಂಡಿಯತ್ತ ತಿರುಗಿದರು.

ಸಿಕ್ಕ ಕಣಗಳು ಬೇಕಾದುದರ ಕಾಲು ಭಾಗವೂ ಇರಲಿಲ್ಲ. ವಾರಿಜಾ ವರದಿಯಲ್ಲಿ ‘ಗ್ರಂಥಿಯ ಸ್ಥಿತಿ ಚೆನ್ನಾಗಿರಲಿಲ್ಲ’ ಎಂದು ಬರೆದರು.

ಮೂರು ತಿಂಗಳ ಮೇಲೆ ಮಂಗಳಗೌರಿ ಲ್ಯಾಬಿಗೇ ಬಂದಳು. “ನೋವು ಹೋಯ್ತು ಮೇಡಂ. ದಿನಕ್ಕೆ ನಾಲ್ಕು ಸಲ ಸೂಜಿ ಚುಚ್ಕೋತೀನಿ, ಅಷ್ಟೇ. ನನ್ನ ಗ್ರಂಥೀನೇ ಸರಿ ಇರಲಿಲ್ಲ. ಪಾಪ, ನೀವೇನ್ ಮಾಡ್ತೀರಿ?”

ವಾರಿಜಾ ಪರದೆ ಆರಿಸಿದರು. “ಕೂತ್ಕೊಳಮ್ಮ. ಸರಿ ಇಲ್ಲದ್ದು ಅದಲ್ಲ.”

ಎಲ್ಲವನ್ನೂ ಹೇಳಿದರು.

“ಒಂದು ಲೋಟ ಕಾಫಿಗಾ?” ಎಂದಳು ಮಂಗಳಗೌರಿ. ಚೀಲ ಎತ್ತಿಕೊಂಡು ಹೋದಳು.

ಮುಂದಿನ ವಾರ ಗೋಡೆ ಒಡೆದು ಗಾಜು ಕೂರಿಸಿದರು. ಈಗ ಒಬ್ಬರ ಮುಖ ಒಬ್ಬರು ನೋಡಿಕೊಂಡೇ ಕೆಲಸ ಮಾಡುತ್ತಾರಂತೆ. ನಾನು ಸ್ಟೋರಿನ ಬೀರುವಿನಲ್ಲಿದ್ದೇನೆ.

ಮಾತು ಮುಟ್ಟಿಸುವವನ ತಪ್ಪೇನು ಎಂದು ಕೇಳಿಕೊಳ್ಳುತ್ತೇನೆ. ಆದರೆ ನಿಜವಾದ ‘ಸಾಕು’ ಹೇಳುವಾಗ ವಾರಿಜಾ ಅವರ ದನಿ ಒಣಗಿರುತ್ತಿತ್ತು. ಆ ದಿನದ ದನಿಯಲ್ಲಿ ನಗುವಿತ್ತು. ನನಗದು ಗೊತ್ತಾಗಿತ್ತು. ಆದರೂ ದಾಟಿಸಿದೆ.