ತೆರೆಯ ಆಚೆಯ ಹೊಗೆ

ತಂಡದಲ್ಲಿ ಮೂವರು, ಊರೂ ಮೂರು. ದನಿ ತೀರಾ ಸಣ್ಣದಾದ್ದರಿಂದ ಗುಬ್ಬಿ ಎನಿಸಿಕೊಂಡವಳು ಒಬ್ಬಳು. ಮದುವೆಯಾಗಿ ಮಗುವಾದ ಮೇಲೆ ಮತ್ತೆ ಓದಲು ಬಂದ ಅಕ್ಕ ಇನ್ನೊಬ್ಬಳು. ವರ್ಷವಿಡೀ ಮೂಗು ಕಟ್ಟಿಕೊಂಡೇ ಇರುತ್ತಿದ್ದ ನೆಗಡಿರಾಯ ಮೂರನೆಯವನು. ಬೇರೆ ಬೇರೆ ವಿಶ್ವವಿದ್ಯಾಲಯಗಳ ಈ ಮೂವರೂ ಸೇರಿ ಗ್ರಂಥಾಲಯವೊಂದಕ್ಕೆ ತಂತ್ರಾಂಶ ಕಟ್ಟಿಕೊಡಬೇಕಿತ್ತು. ಅದೇ ಪಾಠ, ಅದೇ ಪರೀಕ್ಷೆ. ಮುಖಾಮುಖಿ ಭೇಟಿಯಾದವರಲ್ಲ, ಆದರೂ ಕೋಡಿನ ಒಂದು ಸಾಲು ನೋಡಿದರೆ ಸಾಕು, ಬರೆದದ್ದು ಯಾರೆಂದು ಗುಬ್ಬಿ ಹೇಳಿಬಿಡುತ್ತಿದ್ದಳು.

ಕೊನೆಯ ಪ್ರದರ್ಶನದ ದಿನ ಮೇಷ್ಟ್ರೂ ವಿಡಿಯೊದಲ್ಲಿ ಕೂತಿದ್ದರು. ತೋರಿಸುವ ಸರದಿ ನೆಗಡಿರಾಯನದು. ಶುರುವಿನಲ್ಲೇ ಅವನ ಕಡೆ ಧ್ವನಿ ಕೈಕೊಟ್ಟಿತು. ‘ನೀವು ಹೇಳೋದು ನನಗೆ ಕೇಳ್ತಿಲ್ಲ ಸರ್, ನಾನು ತೋರಿಸ್ತಾ ಹೋಗ್ತೀನಿ’ ಎಂದವನೇ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು, ತೆರೆಯ ತುಂಬ ತಂತ್ರಾಂಶವನ್ನೇ ಹರಡಿಕೊಂಡು ಮಾತಿಗಿಳಿದ.

ಅವನ ಬೆನ್ನ ಹಿಂದಿನ ಬಾಗಿಲ ಸಂದಿಯಿಂದ ಏನೋ ತೇಲಿಬಂತು. ಕ್ಯಾಮೆರಾ ಮಸುಕಾಗಿದೆ ಎಂದುಕೊಂಡಳು ಗುಬ್ಬಿ. ಮರುಕ್ಷಣ ತೆರೆಯತ್ತ ಬಾಗಿದಳು. ‘ಸರ್, ಅವನ ಹಿಂದೆ ಹೊಗೆ.’

ಮೇಷ್ಟ್ರು ಕೂಗಿದರು, ಅವನಿಗೆ ಕೇಳಿಸಲಿಲ್ಲ. ಅಕ್ಕ ಚಾಟ್‌ನಲ್ಲಿ ಬರೆದದ್ದು ತೆರೆ ತುಂಬಿದ್ದ ತಂತ್ರಾಂಶದ ಹಿಂದೆ ಮರೆಯಾಯಿತು. ಫೋನನ್ನು ಬಂದ್ ಮಾಡಿಟ್ಟಿದ್ದ. ಅಗ್ನಿಶಾಮಕದವರಿಗೆ ಹೇಳೋಣವೆಂದರೆ ಅವನ ಮನೆ ಯಾವ ಬೀದಿಯಲ್ಲಿದೆಯೆಂದು ಒಬ್ಬರಿಗೂ ಗೊತ್ತಿಲ್ಲ. ಮೇಷ್ಟ್ರು ಅವನ ವಿಶ್ವವಿದ್ಯಾಲಯದ ಕಚೇರಿಗೆ ಫೋನ್ ಹಚ್ಚಿ ಕಾಯತೊಡಗಿದರು. ವಾಸನೆಯೂ ಹತ್ತದ ಹುಡುಗ ನಗುನಗುತ್ತ ವಿವರಿಸುತ್ತಲೇ ಇದ್ದ.

ಗುಬ್ಬಿ ಅವನ ನೋಟವನ್ನೇ ಹಿಂಬಾಲಿಸಿದಳು. ಅವನ ಕಣ್ಣಿದ್ದದ್ದು ಒಂದೇ ಕಡೆ, ತಾವು ಕಟ್ಟಿದ ಪುಟಗಳ ಮೇಲೆ. ಅವನಿನ್ನೂ ತೆರೆಯದ, ಪುಸ್ತಕ ಹುಡುಕುವ ಪುಟದ ಕೋಡಿಗೆ ಹೋಗಿ, ತಲೆಬರಹ ಅಳಿಸಿ, ‘ಬೆಂಕಿ. ಹಿಂದೆ ನೋಡು. ಹೊರಗೆ ಓಡು’ ಎಂದು ಬರೆದಳು. ತಂಡದ ಇನ್ನೊಬ್ಬರು ಒಪ್ಪದೆ ಯಾವ ಬದಲಾವಣೆಯೂ ಜಾರಿಯಾಗದಂತೆ ಮೇಷ್ಟ್ರೇ ಕಟ್ಟುಮಾಡಿದ್ದರು.

‘ಅಕ್ಕಾ, ಒಪ್ಪಿಗೆ ಒತ್ತು. ಓದ್ತಾ ಕೂರ್ಬೇಡ, ಒತ್ತು.’

ಅಲ್ಪವಿರಾಮ ತಪ್ಪಿದರೂ ವಾಪಸ್ ಕಳಿಸುತ್ತಿದ್ದ ಅಕ್ಕ ಓದದೆಯೇ ಒತ್ತಿದಳು.

ಬದಲಾವಣೆ ಅವನ ತೆರೆಗೆ ತಲುಪಲು ಹೊತ್ತು ಬೇಕು. ಹೊಗೆ ಈಗ ಅವನ ತಲೆಯ ಮೇಲಿತ್ತು. ಅವನು ಕೆಮ್ಮಿದ, ನೆಗಡಿಯೆಂದು ಹೇಳಿ ಕ್ಷಮೆ ಕೇಳಿದ, ಮುಂದುವರಿಸಿದ. ಆ ಪುಟಕ್ಕೆ ಬಾರೋ ಮಾರಾಯ ಎಂದು ಗುಬ್ಬಿ ಒಳಗೊಳಗೇ ಅಂಗಲಾಚಿದಳು. ಅವನೋ, ಹಳೆಯ ಪುಟದಲ್ಲೇ ಬಣ್ಣಗಳ ಬಗ್ಗೆ ಕೊರೆಯುತ್ತಿದ್ದ. ಕೊನೆಗೂ ತೆರೆದ.

ಮಾತು ಅರ್ಧಕ್ಕೇ ನಿಂತಿತು. ತಿರುಗಿ ನೋಡಿದ. ‘ಅಜ್ಜೀ’ ಎಂಬ ಕೂಗು, ಕುರ್ಚಿ ಬಿದ್ದ ಸದ್ದು. ಆಮೇಲೆ ತೆರೆಯಲ್ಲಿ ಬರೀ ಹೊಗೆ. ಆಮೇಲೆ ಅದೂ ಇಲ್ಲ.

ಅಕ್ಕ ಮಗುವನ್ನು ಎದೆಗೆ ಅವಚಿಕೊಂಡು ಕೂತಳು. ಕಚೇರಿಯಲ್ಲಿ ಯಾರೂ ಫೋನ್ ಎತ್ತದೆ, ಮೇಷ್ಟ್ರು ಕನ್ನಡಕ ತೆಗೆದಿಟ್ಟರು. ಯಾರಿಗೂ ಕರೆ ಮುಗಿಸುವ ಧೈರ್ಯವಾಗಲಿಲ್ಲ. ಬಹಳ ಹೊತ್ತಾದ ಮೇಲೆ, ಪಕ್ಕದ ಮನೆಯವರ ಫೋನಿನಿಂದ, ಮಸಿ ಮೆತ್ತಿದ ಮುಖವೊಂದು ತೆರೆಯಲ್ಲಿ ಮೂಡಿತು. ಅಡುಗೆಮನೆ ಪೂರ್ತಿ ಸುಟ್ಟಿತ್ತು. ಪಕ್ಕದ ಕೋಣೆಯಲ್ಲಿ ಮಲಗಿದ್ದ ಅಜ್ಜಿಯನ್ನು ಹೊತ್ತು ತಂದಿದ್ದ. ಅವರ ಕೈ ಸುಟ್ಟಿದೆ, ಜೀವಕ್ಕೇನೂ ಇಲ್ಲ ಎಂದ.

ಗ್ರಂಥಾಲಯಕ್ಕೆ ಒಪ್ಪಿಸುವ ಮುನ್ನ ಆ ತಲೆಬರಹವನ್ನು ಮೊದಲಿನಂತೆ ಮಾಡಬೇಕಿತ್ತು. ಆ ಪುಟ ತೆರೆಯಲು ಗುಬ್ಬಿಗೆ ಕೈಯೇ ಬರಲಿಲ್ಲ. ಅಕ್ಕನೇ ಅಳಿಸಿದಳು.